ಸವಕಳಿ ಮುಗಿದ ಮೇಲೆ ಉಳಿಯುವ ಮೌಲ್ಯ: ರೈಲು ಪರಂಪರೆ ಮತ್ತು ಸಣ್ಣ ಉದ್ದಿಮೆ

ಶ್ರೀರಂಗಪಟ್ಟಣ ರೈಲು ನಿಲ್ದಾಣದ ಸಮೀಪ ಟಿಪ್ಪು ಸುಲ್ತಾನನ ಕಾಲದ ಒಂದು ಮದ್ದಿನ ಮನೆಯಿದೆ. ಇಟ್ಟಿಗೆ ಮತ್ತು ಗಾರೆಯ, ಸುಮಾರು 1,000 ಟನ್ ತೂಕದ ಈ ಕಟ್ಟಡವು ಇಂದು ನಿಂತಿರುವುದು ಅದನ್ನು ಮೊದಲು ಕಟ್ಟಿದ ಜಾಗದಲ್ಲಲ್ಲ. ಬೆಂಗಳೂರು–ಮೈಸೂರು ಮಾರ್ಗಕ್ಕೆ ಎರಡನೆಯ ಹಳಿ ಹಾಕುವಾಗ ಅದು ಅಡ್ಡವಾಗಿತ್ತು. ಸಂರಕ್ಷಿತ ಸ್ಮಾರಕವಾದ್ದರಿಂದ ಕೆಡವುವಂತಿರಲಿಲ್ಲ. ಹಳಿಯನ್ನು ಬೇರೆಡೆ ತಿರುಗಿಸಲು ಸ್ಥಳವಿರಲಿಲ್ಲ. ಮಾರ್ಗದ ಉಳಿದ ಭಾಗಗಳಲ್ಲಿ ಕೆಲಸ ಮುಂದುವರಿದರೂ ಈ ತುಣುಕು ಬಾಕಿ ಉಳಿಯಿತು. ಕೊನೆಗೆ ಕಟ್ಟಡವನ್ನು ತಳಪಾಯದಿಂದ ಬೇರ್ಪಡಿಸಿ, ಅಡಿಯಲ್ಲಿ ಉಕ್ಕಿನ ತೊಲೆಗಳನ್ನು ಸೇರಿಸಿ, ಜಾಕ್‌ಗಳಿಂದ ಮೇಲೆತ್ತಿ, ನೂರು ಮೀಟರಿನ ಆಸುಪಾಸಿನ ಹೊಸ ಸ್ಥಳಕ್ಕೆ ಇಡಿಯಾಗಿ ಸರಿಸಲಾಯಿತು. 2017ರ ಮಾರ್ಚ್‌ನಲ್ಲಿ ಮುಗಿದ ಈ ಕಾರ್ಯವನ್ನು ಭಾರತದ ಪಿ.ಎಸ್.ಎಲ್. ಎಂಜಿನಿಯರಿಂಗ್ ಹಾಗೂ ಅಮೆರಿಕದ ವುಲ್ಫ್ ಸಂಸ್ಥೆಗಳು ಜಂಟಿಯಾಗಿ ನಿರ್ವಹಿಸಿದವು. ತಗುಲಿದ ವೆಚ್ಚ 13.66 ಕೋಟಿ ರೂಪಾಯಿ.

ಎರಡು ಶತಮಾನ ಹಳೆಯದಾದ ಬರಿದು ಕಟ್ಟಡವೊಂದಕ್ಕೆ ಇಷ್ಟು ಹಣ ಬೇಕಿತ್ತೇ ಎಂಬ ಪ್ರಶ್ನೆ ವ್ಯಾಪಾರಸ್ಥರ ಮನಸ್ಸಿನಲ್ಲಿ ಏಳುವುದು ಸಹಜ. ಉತ್ತರವನ್ನು ಲೆಕ್ಕದ ಭಾಷೆಯಲ್ಲಿಯೇ ಹೇಳಬಹುದು. ಆ ಹಣದಿಂದ ರೈಲ್ವೆಗೆ ಎರಡನೆಯ ಹಳಿ ದೊರೆಯಿತು, ಊರಿಗೆ ಸ್ಮಾರಕ ಉಳಿಯಿತು. ಹಳೆಯದನ್ನು ಉಳಿಸುವುದಕ್ಕೂ ಹೊಸದನ್ನು ಕಟ್ಟುವುದಕ್ಕೂ ವಿರೋಧವಿರಲೇಬೇಕೆಂಬ ನಿಯಮವಿಲ್ಲ ಎಂಬುದನ್ನು ಈ ಪ್ರಕರಣ ತೋರಿಸಿತು. ಈ ಮಾತು ಸ್ಮಾರಕಗಳಿಗೆ ಮಾತ್ರವಲ್ಲದೆ ರೈಲ್ವೆಯದೇ ಹಳೆಯ ಎಂಜಿನ್‌ಗಳಿಗೆ, ಬೋಗಿಗಳಿಗೆ, ನಕ್ಷೆಗಳಿಗೆ, ಛಾಯಾಚಿತ್ರಗಳಿಗೂ ಅನ್ವಯಿಸುತ್ತದೆ. ಅವುಗಳ ಸುತ್ತ ಜಗತ್ತಿನಾದ್ಯಂತ ಬೆಳೆದಿರುವ ಹವ್ಯಾಸವು ಇಂದು ಒಂದು ಮಾರುಕಟ್ಟೆಯೂ ಆಗಿದೆ.

ಮಾರ್ಗದ ಹಿನ್ನೆಲೆ

ಬೆಂಗಳೂರು–ಮೈಸೂರು ನಡುವಿನ ಮೀಟರ್ ಗೇಜ್ ಮಾರ್ಗ ಪೂರ್ಣಗೊಂಡದ್ದು 1882ರಲ್ಲಿ, ದಿವಾನ್ ರಂಗಾಚಾರ್ಲು ಅವರ ಆಡಳಿತಾವಧಿಯಲ್ಲಿ. ಮಾರ್ಗವು ಶ್ರೀರಂಗಪಟ್ಟಣದ ಬಳಿ ಕಾವೇರಿಯ ಎರಡು ಕವಲುಗಳನ್ನು ದಾಟಿ, ಕೋಟೆಯನ್ನು ಸೀಳಿಕೊಂಡು ಸಾಗುತ್ತದೆ. ದ್ವೀಪದ ಪೂರ್ವಕ್ಕಿರುವ ಗಂಜಾಂ ಅದಾಗಲೇ ವ್ಯಾಪಾರದ ಪೇಟೆಯಾಗಿತ್ತು. ಟಿಪ್ಪುವು ಶಿರಾದಿಂದ 12,000 ಕುಟುಂಬಗಳನ್ನು ಕರೆತಂದು ಇಲ್ಲಿ ನೆಲೆಗೊಳಿಸಿದನೆಂದು ಗೆಜೆಟಿಯರ್ ಹೇಳುತ್ತದೆ. 1951ರ ಏಪ್ರಿಲ್ 14ರಂದು ಮೈಸೂರು ಸಂಸ್ಥಾನದ ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡ ನೈಋತ್ಯ ರೈಲ್ವೆ ಅಸ್ತಿತ್ವಕ್ಕೆ ಬಂದಿತು. ಈ ನಡುವೆ ಮೀಟರ್ ಗೇಜ್ ಹಳಿಯ ಜಾಗದಲ್ಲಿ ಬ್ರಾಡ್ ಗೇಜ್ ಬಂದಿತ್ತು. ಹಳಿಯ ಅಗಲ 1,000 ಮಿ.ಮೀ.ನಿಂದ 1,676 ಮಿ.ಮೀ.ಗೆ ಏರಿದಾಗ ಹಳೆಯ ಎಂಜಿನ್, ಬೋಗಿಗಳೆಲ್ಲ ಒಮ್ಮೆಲೇ ಈ ಮಾರ್ಗಕ್ಕೆ ನಿರುಪಯುಕ್ತವಾದವು.

ಪುಸ್ತಕ ಮೌಲ್ಯ ಮತ್ತು ಗುಜರಿ ಮೌಲ್ಯ

ಒಂದು ಲಕ್ಷ ರೂಪಾಯಿಯ ಯಂತ್ರಕ್ಕೆ ಪ್ರತಿವರ್ಷ ಉಳಿದ ಮೌಲ್ಯದ ಮೇಲೆ ಶೇ 15ರಂತೆ ಸವಕಳಿ ಕಳೆಯುತ್ತ ಹೋದರೆ, 20 ವರ್ಷಗಳ ನಂತರ ಪುಸ್ತಕದಲ್ಲಿ ಉಳಿಯುವುದು ಸುಮಾರು 3,876 ರೂಪಾಯಿ. 2013ರ ಕಂಪನಿ ಕಾಯಿದೆಯ ಎರಡನೆಯ ಅನುಸೂಚಿಯೂ ಆಸ್ತಿಯ ಉಳಿಕೆ ಮೌಲ್ಯವನ್ನು ಸಾಮಾನ್ಯವಾಗಿ ಮೂಲ ಬೆಲೆಯ ಶೇ 5ಕ್ಕೆ ಮಿತಿಗೊಳಿಸುತ್ತದೆ. ಲೆಕ್ಕಪತ್ರದ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆದರೆ ಪುಸ್ತಕದಲ್ಲಿ ಮೌಲ್ಯ ತೀರಿದ ವಸ್ತುವಿಗೆ ಗುಜರಿ ವ್ಯಾಪಾರಿಯ ತಕ್ಕಡಿಯೊಂದೇ ಗತಿ ಎಂದು ಭಾವಿಸುವುದು ಬೇರೆ ಮಾತು.

ಹಬೆ ಎಂಜಿನ್‌ಗಳ ವಿಷಯದಲ್ಲಿ ಬಹುಮಟ್ಟಿಗೆ ನಡೆದದ್ದು ಇದೇ. ಚಿತ್ತರಂಜನ್ ಕಾರ್ಖಾನೆಯಲ್ಲಿ ಹಬೆ ಎಂಜಿನ್ ತಯಾರಿಕೆ 1972ರಲ್ಲಿ ನಿಂತಿತು. 1990ರ ದಶಕ ಮುಗಿಯುವ ವೇಳೆಗೆ, ಪರ್ವತ ರೈಲುಗಳ ಹೊರತು, ಅವು ನಿತ್ಯಸಂಚಾರದಿಂದ ಮರೆಯಾಗಿದ್ದವು. ಬಹುಪಾಲು ಎಂಜಿನ್‌ಗಳು ಕಬ್ಬಿಣ, ತಾಮ್ರಗಳ ತೂಕದ ಲೆಕ್ಕದಲ್ಲಿ ಹರಾಜಾದವು. ಆ ಆದಾಯ ಬರುವುದು ಒಮ್ಮೆ ಮಾತ್ರ.

ಉಳಿಸಿಕೊಂಡವುಗಳ ಗತಿ ಬೇರೆಯಾಯಿತು. ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯ 1977ರಲ್ಲಿ ಆರಂಭವಾದರೆ, ಅದರ ಬೆನ್ನಿಗೇ 1979ರಲ್ಲಿ ಮೈಸೂರಿನ ಕೃಷ್ಣರಾಜಸಾಗರ ರಸ್ತೆಯಲ್ಲಿ ದೇಶದ ಎರಡನೆಯ ರೈಲು ಸಂಗ್ರಹಾಲಯ ಸ್ಥಾಪನೆಯಾಯಿತು. ಮಹಾರಾಜರ ಕುಟುಂಬ ಬಳಸುತ್ತಿದ್ದ ಬೋಗಿಗಳು ‘ಶ್ರೀರಂಗ’ ಮಂಟಪದಲ್ಲಿಯೂ, ರೈಲ್ವೆ ಬೆಳೆದುಬಂದ ಬಗೆಯನ್ನು ತಿಳಿಸುವ ಚಿತ್ರಗಳು ‘ಚಾಮುಂಡಿ’ ಗ್ಯಾಲರಿಯಲ್ಲಿಯೂ ಇವೆ. ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರು ಮಕ್ಕಳಿಗೂ ಹಿರಿಯರಿಗೂ ಸಮಾನವಾದ ಆಕರ್ಷಣೆ. 2020ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯಲ್ಲಿಯೂ ಒಂದು ರೈಲು ಸಂಗ್ರಹಾಲಯ ಉದ್ಘಾಟನೆಗೊಂಡಿತು. ಗುಜರಿಗೆ ಹೋಗಿದ್ದರೆ ಒಂದು ಬಾರಿಯ ಜಮಾ ಆಗುತ್ತಿದ್ದ ವಸ್ತುಗಳು ಇಂದು ಪ್ರವೇಶ ಶುಲ್ಕವನ್ನು ತರುತ್ತಿವೆ. ಸುತ್ತಲಿನ ಹೋಟೆಲು, ಆಟೋ, ಅಂಗಡಿಗಳಿಗೂ ಗಿರಾಕಿಗಳನ್ನು ಕರೆತರುತ್ತಿವೆ.

ಛಾಯಾಚಿತ್ರವೆಂಬ ದಾಖಲೆ

ವಸ್ತುವನ್ನೇ ಉಳಿಸಲಾಗದಾಗ ಚಿತ್ರವಾದರೂ ಉಳಿಯಬೇಕು. ರೈಲು ಹವ್ಯಾಸಿಗಳು ಈ ಕೆಲಸವನ್ನು ಸಂಬಳವಿಲ್ಲದೆ ಮಾಡಿಕೊಂಡು ಬಂದಿದ್ದಾರೆ. ಹ್ಯೂ ಹ್ಯೂಸ್ ಅವರ ‘ಇಂಡಿಯನ್ ಲೋಕೋಮೋಟಿವ್ಸ್’ ಗ್ರಂಥಮಾಲೆ 1990ರ ದಶಕದಲ್ಲಿ ನಾಲ್ಕು ಭಾಗಗಳಲ್ಲಿ ಪ್ರಕಟವಾಯಿತು. ಬ್ರಾಡ್ ಗೇಜ್, ಮೀಟರ್ ಗೇಜ್, ನ್ಯಾರೋ ಗೇಜ್ ಎಂದು ವಿಂಗಡಿಸಿ, ಯಾವ ಎಂಜಿನ್ ಯಾವ ಕಾರ್ಖಾನೆಯದು, ಯಾವ ವರ್ಷದ್ದು ಎಂಬ ವಿವರಗಳನ್ನು ಅದರಲ್ಲಿ ಪಟ್ಟಿ ಮಾಡಲಾಗಿದೆ. ಲೆಕ್ಕಿಗರ ಭಾಷೆಯಲ್ಲಿ ಹೇಳುವುದಾದರೆ, ಇದು ಇಡೀ ಉಪಖಂಡದ ಎಂಜಿನ್‌ಗಳ ಸ್ಥಿರಾಸ್ತಿ ವಹಿ.

ಇಂತಹ ದಾಖಲೆಯ ಬೆಲೆ ಸ್ಥಳೀಯವಾಗಿ ಇನ್ನೂ ಹೆಚ್ಚು. ಇಂದಿನ ಪಾಂಡವಪುರ ಬ್ರಿಟಿಷರ ಕಾಲದಲ್ಲಿ ‘ಫ್ರೆಂಚ್ ರಾಕ್ಸ್’ ಎಂದು ಕರೆಸಿಕೊಂಡಿತ್ತು. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆ ಮೊದಲಾದ ನಿಲ್ದಾಣಗಳು ಮೈಸೂರು–ಅರಸೀಕೆರೆ ಮಾರ್ಗದಲ್ಲಿ ಮೀಟರ್ ಗೇಜ್ ಕಾಲವನ್ನು ಕಂಡವು. ನಾಗಮಂಗಲ ತಾಲ್ಲೂಕಿಗಾದರೋ ಬೆಂಗಳೂರು–ಹಾಸನ ಮಾರ್ಗವು ಪೂರ್ಣವಾಗಿ ತೆರೆದ 2017ರಲ್ಲಿ ರೈಲು ಹೊಸದು. ಒಂದೇ ಸೀಮೆಯಲ್ಲಿ ಹಳೆಯ ಮಾರ್ಗದ ಕೊನೆಯ ನೆನಪೂ ಹೊಸ ಮಾರ್ಗದ ಮೊದಲ ನೆನಪೂ ಇವೆ. ಕಬ್ಬು, ಬೆಲ್ಲ, ಅಕ್ಕಿಯ ವ್ಯಾಪಾರ ನಡೆಸಿದ ಹಳೆಯ ಮಂಡಿಗಳಲ್ಲಿ ರೈಲ್ವೆ ರಸೀದಿ, ಸಾಗಣೆ ಪತ್ರ, ನಿಲ್ದಾಣದ ಗೂಡ್ಸ್ ಷೆಡ್ಡಿನ ಚಿತ್ರಗಳು ಉಳಿದಿದ್ದರೆ ಅವು ಈ ಇತಿಹಾಸದ ಮೂಲ ಆಧಾರಗಳು. ಲೆಕ್ಕದ ಪುಸ್ತಕಗಳನ್ನು ಕಾನೂನು ಹೇಳಿದಷ್ಟು ವರ್ಷ ಇಟ್ಟು ನಂತರ ರದ್ದಿಗೆ ಹಾಕುವುದು ವಾಡಿಕೆ. ಹಾಕುವ ಮುನ್ನ ಒಮ್ಮೆ ತೆರೆದು ನೋಡುವುದರಿಂದ ನಷ್ಟವೇನೂ ಇಲ್ಲ.

ಮಾದರಿ ರೈಲು: ಕಿರಿದಾದರೂ ನಿಖರ

ಹವ್ಯಾಸದ ಮೂರನೆಯ ಮುಖ ಮಾದರಿ ರೈಲು. ಇದನ್ನು ಮಕ್ಕಳ ಆಟಿಕೆಯೆಂದು ತಳ್ಳಿಹಾಕುವಂತಿಲ್ಲ. ಜರ್ಮನಿಯ ಮಾರ್ಕ್ಲಿನ್ 1859ರಲ್ಲಿ ಸ್ಥಾಪನೆಯಾದ ಸಂಸ್ಥೆ. ಬ್ರಿಟನ್ನಿನ ಹಾರ್ನ್‌ಬಿ ಹೆಸರೂ ಹವ್ಯಾಸಿಗಳಿಗೆ ಚಿರಪರಿಚಿತ. ಪುಣೆಯಲ್ಲಿ ಬಿ.ಎಸ್. ಜೋಷಿ ಅವರು ಕಟ್ಟಿದ ಕಿರು ರೈಲುಗಳ ಸಂಗ್ರಹಾಲಯವು 1998ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಖಾಸಗಿ ಹವ್ಯಾಸವೊಂದು ಊರಿನ ಪ್ರೇಕ್ಷಣೀಯ ಸ್ಥಳವಾಗಿ ಬೆಳೆದುದಕ್ಕೆ ಅದು ಉತ್ತಮ ನಿದರ್ಶನ.

ಅತಿ ಹೆಚ್ಚು ಪ್ರಚಲಿತವಾದ ಎಚ್.ಒ. ಅಳತೆಯಲ್ಲಿ ಮೂಲದ 87 ಮಿ.ಮೀ. ಮಾದರಿಯಲ್ಲಿ 1 ಮಿ.ಮೀ. ಆಗುತ್ತದೆ. ಸುಮಾರು 21.3 ಮೀಟರ್ ಉದ್ದದ ಐ.ಸಿ.ಎಫ್. ಬೋಗಿ 24.5 ಸೆಂ.ಮೀ.ಗೆ ಇಳಿಯುತ್ತದೆ. ಇಲ್ಲೊಂದು ತೊಡಕಿದೆ. ಈ ಅಳತೆಯ ಮಾದರಿ ಹಳಿಯ ಅಗಲ 16.5 ಮಿ.ಮೀ.; ಅದು ಐರೋಪ್ಯ ಗೇಜಿಗೆ ಹೊಂದುವಂಥದು. ಭಾರತದ ಬ್ರಾಡ್ ಗೇಜನ್ನು ಅದೇ ಲೆಕ್ಕದಲ್ಲಿ ಇಳಿಸಿದರೆ 19.3 ಮಿ.ಮೀ. ಬೇಕು. ಆದ್ದರಿಂದ ಆಮದಾದ ಹಳಿ ಮತ್ತು ಚಕ್ರಗಳಿಂದ ಭಾರತೀಯ ರೈಲಿನ ನಿಖರ ಮಾದರಿ ಸಿದ್ಧವಾಗುವುದಿಲ್ಲ. ದೊಡ್ಡ ವಿದೇಶಿ ತಯಾರಕರಿಗೆ ಈ ಸಣ್ಣ ಬೇಡಿಕೆಗಾಗಿ ಅಚ್ಚು ಮಾಡಿಸುವುದು ಲಾಭಕರವಲ್ಲ. ಲೇಸರ್ ಕಟಿಂಗ್, ಮೂರು ಆಯಾಮದ ಮುದ್ರಣ, ಹಿತ್ತಾಳೆಯ ಎರಕ ಇವುಗಳನ್ನು ಕೈಯಳತೆಯಲ್ಲಿ ಹೊಂದಿರುವ ಸಣ್ಣ ಘಟಕಗಳಿಗೆ ಮಾತ್ರ ಇದು ಗಿಟ್ಟುವ ಕೆಲಸ.

ಇದೇ ರೈಲು ಮಾರ್ಗದಲ್ಲಿರುವ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆಗಳು ಭೌಗೋಳಿಕ ಗುರುತು ಪಡೆದಿವೆ. ಅಲ್ಲಿ ಮರದ ರೈಲುಗಳೂ ತಯಾರಾಗುತ್ತವೆ. ಹವ್ಯಾಸಿಯ ಅಳತೆಪಟ್ಟಿಯನ್ನೂ ಚನ್ನಪಟ್ಟಣದ ಕುಶಲಕರ್ಮಿಯ ಕೈಯನ್ನೂ ಒಂದುಗೂಡಿಸಿದರೆ, ಮೈಸೂರಿನ ಸಂಗ್ರಹಾಲಯದಲ್ಲಿರುವ ಬೋಗಿಗಳ ಕಿರುಮಾದರಿಗಳು ಪ್ರವಾಸಿಗರು ಕೊಂಡೊಯ್ಯುವ ಸ್ಮರಣಿಕೆಗಳಾಗಬಹುದು. ದರಿಯಾ ದೌಲತ್, ಗುಂಬಜ್, ನಿಮಿಷಾಂಬ ದೇವಾಲಯಗಳಿಗೆ ಬರುವ ಜನರಿಂದ ವ್ಯಾಪಾರ ನಡೆಸುವ ಗಂಜಾಂ ಅಂಗಡಿಗಳಿಗೂ ಇದು ಒಪ್ಪುವ ಸರಕು.

ಈ ವ್ಯಾಪಾರಕ್ಕೆ ಇಳಿಯುವವರು ಮೂರು ಅಂಶಗಳನ್ನು ಗಮನದಲ್ಲಿಡಬೇಕು. ಆಟಿಕೆಗಳೂ ಅಳತೆಗನುಗುಣವಾದ ಹವ್ಯಾಸಿ ಮಾದರಿಗಳೂ ಸುಂಕ ಪಟ್ಟಿಯ 9503ನೆಯ ಶೀರ್ಷಿಕೆಯಡಿ ಬರುತ್ತವೆ. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ ಶೇ 60ಕ್ಕೂ, 2023ರಲ್ಲಿ ಶೇ 70ಕ್ಕೂ ಏರಿಸಲಾಯಿತು. ಸ್ಥಳೀಯ ತಯಾರಕರಿಗೆ ಇದು ರಕ್ಷಣೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕರಕುಶಲಕರ್ಮಿಗಳ ಹಾಗೂ ಭೌಗೋಳಿಕ ಗುರುತು ಪಡೆದವರ ತಯಾರಿಕೆಗೆ ವಿನಾಯಿತಿ ನೀಡಲಾಗಿದೆ. ವಸ್ತುವು ಆಟಿಕೆಯೋ ವಯಸ್ಕ ಹವ್ಯಾಸಿಗಳ ಮಾದರಿಯೋ ಎಂಬುದನ್ನು ಉತ್ಪಾದನೆಗೆ ಮುನ್ನವೇ ನಿರ್ಧರಿಸಿ, ಪೊಟ್ಟಣದ ಮೇಲೆ ಸ್ಪಷ್ಟವಾಗಿ ನಮೂದಿಸುವುದು ಕ್ಷೇಮ.

ಓಡುವ ಎಂಜಿನ್‌ಗೆ ಬಿಡಿಭಾಗ

ನಿಂತ ಎಂಜಿನ್ ಕಾಯುವುದು ಒಂದು ಕೆಲಸ. ಓಡಿಸುವುದು ಅದಕ್ಕಿಂತ ದೊಡ್ಡದು. 1855ರಲ್ಲಿ ತಯಾರಾದ ‘ಫೇರಿ ಕ್ವೀನ್’ 1997ರಲ್ಲಿ ಮತ್ತೆ ಹಳಿಗಿಳಿದು, ಓಡುವ ಸ್ಥಿತಿಯಲ್ಲಿರುವ ಅತ್ಯಂತ ಹಳೆಯ ಹಬೆ ಎಂಜಿನ್ ಎಂಬ ದಾಖಲೆಗೆ ಪಾತ್ರವಾಯಿತು. ನೆರೆಯ ನೀಲಗಿರಿ ಪರ್ವತ ರೈಲು 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಹಲ್ಲುಹಳಿಯ ಹಬೆ ಎಂಜಿನ್‌ಗಳು ಸವೆದಾಗ ರೈಲ್ವೆಯು ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದಲ್ಲಿ ಹೊಸವನ್ನೇ ನಿರ್ಮಿಸಿತು. 2021ರಲ್ಲಿ ಕಲ್ಲಿದ್ದಲಿನಿಂದ ಓಡುವ ಎಂಜಿನ್ ಒಂದನ್ನೂ ಹೊರತಂದಿತು. ಈ ಕಾರ್ಯ ಸಾಧ್ಯವಾಗಲು ಹಳೆಯ ನಕ್ಷೆಗಳೂ ಮಾದರಿ ಭಾಗಗಳೂ ಬೇಕು. ಅಂಗಡಿಯಲ್ಲಿ ಸಿಗದ ಕವಾಟ, ಪಿಸ್ಟನ್ ರಿಂಗ್, ಬುಷ್‌ಗಳನ್ನು ಒಂದೊಂದಾಗಿ ತಿರುವಿ ಕೊಡಬಲ್ಲ ಲೇತ್ ಘಟಕಗಳಿಗೆ ಇಂಥ ಕೆಲಸ ಪ್ರಮಾಣದಲ್ಲಿ ಸಣ್ಣದಾದರೂ ದರದಲ್ಲಿ ಚೌಕಾಸಿಗೆ ಒಳಗಾಗುವುದು ಕಡಿಮೆ.

ಸದಸ್ಯರ ಪರಿಶೀಲನೆಗೆ

ಕಂಪನಿ ಕಾಯಿದೆಯ 135ನೆಯ ಕಲಮಿನಂತೆ, ನಿವ್ವಳ ಲಾಭ 5 ಕೋಟಿ ರೂಪಾಯಿ ಅಥವಾ ವಹಿವಾಟು 1,000 ಕೋಟಿ ಅಥವಾ ನಿವ್ವಳ ಸಂಪತ್ತು 500 ಕೋಟಿ ಮುಟ್ಟಿದ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಏಳನೆಯ ಅನುಸೂಚಿಯಲ್ಲಿ ರಾಷ್ಟ್ರೀಯ ಪರಂಪರೆಯ ರಕ್ಷಣೆಯೂ ಸೇರಿದೆ. ಬಹುಪಾಲು ಸಣ್ಣ ಉದ್ದಿಮೆಗಳು ಈ ಮಿತಿಯೊಳಗೆ ಬರುವುದಿಲ್ಲವಾದರೂ, ದೊಡ್ಡ ಕಂಪನಿಗಳಿಗೆ ಸರಕು ಒದಗಿಸುವವರು ಇಂತಹ ಯೋಜನೆಯನ್ನು ಅವುಗಳ ಮುಂದಿಡಬಹುದು.

ಹಣವಿಲ್ಲದೆಯೂ ಆಗುವ ಕೆಲಸವಿದೆ. ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿ, ಆಲೆಮನೆ, ವರ್ಕ್‌ಷಾಪ್‌ಗಳಲ್ಲಿ ಮೂಲೆಗೆ ಸೇರಿದ ಹಬೆ ಯಂತ್ರ, ಬಾಯ್ಲರ್, ಹಳೆಯ ಲೇತುಗಳನ್ನು ಗುಜರಿಗೆ ಕೊಡುವ ಮುನ್ನ ತಯಾರಕರ ಫಲಕದ ಚಿತ್ರ ತೆಗೆದು, ವರ್ಷ ಮತ್ತು ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಂಡು, ನಕ್ಷೆಗಳಿದ್ದರೆ ಪ್ರತ್ಯೇಕವಾಗಿ ತೆಗೆದಿರಿಸಬೇಕು. ನಂತರ ಸಂಗ್ರಹಾಲಯಗಳಿಗೋ ಹವ್ಯಾಸಿಗಳಿಗೋ ಒಂದು ಪತ್ರ ಬರೆದು ವಿಚಾರಿಸಬೇಕು. ಅವರು ಬೇಡವೆಂದರೆ ಗುಜರಿಯ ಬೆಲೆ ಹೇಗೂ ಇದ್ದೇ ಇದೆ. ಬೇಕೆಂದರೆ ಅದಕ್ಕಿಂತ ಹೆಚ್ಚಿನ ಬೆಲೆಯೂ ಬರಬಹುದು. ಆಸ್ತಿ ವಹಿಯಲ್ಲಿ ವಿಲೇವಾರಿಯ ನಮೂದು ಮಾಡುವ ದಿನಕ್ಕೆ ಒಂದು ತಿಂಗಳು ಮೊದಲು ಈ ವಿಚಾರಣೆ ನಡೆಸುವ ಪದ್ಧತಿಯನ್ನು ಪ್ರತಿಯೊಂದು ಸಂಸ್ಥೆಯೂ ರೂಢಿಸಿಕೊಳ್ಳುವುದು ಒಳಿತು.