ಅರಿಶಿನ ಕೆಂಪಾಗದಿದ್ದರೆ ಏನರ್ಥ?

ಬೀದರ್ ನಗರವಿರುವುದು ಜಂಬಿಟ್ಟಿಗೆಯ ಎತ್ತರದ ಮೇಲೆ. ಭಾಲ್ಕಿ, ಔರಾದ್ ಕಡೆ ಹೊರಟರೆ ಕೆಂಪು ಸರಿದು ಎರೆಭೂಮಿ ಹರಡಿಕೊಳ್ಳುತ್ತದೆ. ಎರಡೂ ಹುಟ್ಟಿದ್ದು ಬಸಾಲ್ಟ್ ಕಲ್ಲಿನಿಂದಲೇ. ಜಂಬಿಟ್ಟಿಗೆಯ ಸುಣ್ಣದಂಶವನ್ನು ಮಳೆ ಯುಗಗಟ್ಟಲೆ ತೊಳೆದು ಕಬ್ಬಿಣ, ಅಲ್ಯೂಮಿನಿಯಂಗಳನ್ನಷ್ಟೇ ಉಳಿಸಿರುವುದರಿಂದ ಅಂಥ ಮಣ್ಣು ಆಮ್ಲದತ್ತ ವಾಲುತ್ತದೆ. ಸುಣ್ಣ ಉಳಿಸಿಕೊಂಡ ಎರೆ ಕ್ಷಾರದತ್ತ. ಇದನ್ನು ತೋರಿಸಲು ಶಾಲೆಯಲ್ಲಿ ಮೊದಲು ಕೈಗೆ ಬರುವುದು ಅರಿಶಿನದ ಕಾಗದ. ಆದರೆ ಅರಿಶಿನ ಆಮ್ಲದಲ್ಲೂ ಹಳದಿ, ಶುದ್ಧ ನೀರಿನಲ್ಲೂ ಹಳದಿ. ಕ್ಷಾರ ಸಾಕಷ್ಟು ಬಲವಾದ ಮೇಲಷ್ಟೇ ಅದು ಸ್ಪಷ್ಟವಾಗಿ ಕೆಂಪಾಗುತ್ತದೆ. ಕೆಂಪಾಗಲಿಲ್ಲ ಎಂಬ ಕಾರಣಕ್ಕೆ ಮಣ್ಣನ್ನು ತಟಸ್ಥವೆಂದರೆ ತಪ್ಪಾದೀತು.

ಅರಿಶಿನದಂಥ ಸೂಚಕದ ಅಣು ಹೈಡ್ರೋಜನ್ ಅಯಾನನ್ನು ಹಿಡಿದಾಗ ಒಂದು ಬಣ್ಣ, ಬಿಟ್ಟಾಗ ಇನ್ನೊಂದು. ಎಲ್ಲಿ ಬಿಡಬೇಕೆಂಬುದು ಆಯಾ ಅಣುವಿನ ಗುಣವೇ ಹೊರತು, ಪಿಎಚ್ ಮಾಪಕದ ನಡುವಿನ 7ಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಪ್ರತಿ ಸೂಚಕವೂ ಒಂದೇ ಪ್ರಶ್ನೆಗೆ ಉತ್ತರಿಸುತ್ತದೆ: ಪಿಎಚ್ ತನ್ನ ಗಡಿಯನ್ನು ದಾಟಿದೆಯೇ, ಇಲ್ಲವೇ. ಫಿನಾಲ್ಫ್ತಲೀನ್ ಎಂಬ ಸೂಚಕ ಗುಲಾಬಿಗೆ ತಿರುಗತೊಡಗುವುದು ಸುಮಾರು 8.3ರ ಆಸುಪಾಸಿನಲ್ಲಿ. ಸಾಮಾನ್ಯ ಗಾಳಿಯಲ್ಲಿ ಸುಣ್ಣದ ಕಲ್ಲು ನೀರಿನ ಪಿಎಚ್ ಅನ್ನು ಏರಿಸಬಲ್ಲುದೂ ಹೆಚ್ಚುಕಡಿಮೆ ಅಲ್ಲಿಯವರೆಗೇ. ಆದ್ದರಿಂದ ಎರೆಯ ತಿಳಿನೀರು ಗಾಢ ಗುಲಾಬಿಯಾದರೆ ಸುಣ್ಣವೊಂದೇ ಕಾರಣವಾಗಿರಲಾರದು, ಸೋಡಿಯಂ ಕಾರ್ಬೊನೇಟ್ ಇದೆಯೆಂದು ಶಂಕಿಸಬೇಕು. ಅದು ಸವಳು ಭೂಮಿಯ ಲಕ್ಷಣ. ಹುಳಿ ಮಣ್ಣಿಗೆ ಸುಣ್ಣ ಮದ್ದಾದರೆ ಸವಳಿಗೆ ಬೇಕಾದ್ದು ಜಿಪ್ಸಮ್. ಇದನ್ನು ಅದಲುಬದಲು ಮಾಡಿದರೆ ರೈತನ ಹಣವೂ ಹಂಗಾಮೂ ಹೋದಂತೆ.

ಪಿಎಚ್ ಮೀಟರ್ ಇರುವಾಗ ಈ ಬಣ್ಣದಾಟವೇಕೆ ಎನ್ನಬಹುದು. ಮೀಟರ್ ನಿಖರ, ನಿಜ. ಆದರೆ ಗೊತ್ತಿರುವ ಪಿಎಚ್‌ನ ದ್ರಾವಣದಲ್ಲಿ ಅದನ್ನು ಆಗಾಗ ಸರಿಹೊಂದಿಸದಿದ್ದರೆ ಅದೂ ದಾರಿ ತಪ್ಪಿಸುತ್ತದೆ, ಮತ್ತು ನೂರು ಹೊಲಗಳಲ್ಲಿ ಯಾವುದನ್ನು ಪ್ರಯೋಗಾಲಯಕ್ಕೆ ಕಳಿಸಬೇಕೆಂದು ಆರಿಸಲು ಒಂದು ಹನಿ ಸೂಚಕ ಸಾಕು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಬೀದರ್‌ನ ಬಿದರಿ ಲೋಹಕಲೆಯ ಕುಶಲಕರ್ಮಿಗಳು ಅಲ್ಲಿನ ಕೋಟೆಯ ಮಣ್ಣನ್ನು ನಾಲಿಗೆಯಿಂದಲೇ ಪರೀಕ್ಷಿಸುತ್ತಾರಲ್ಲ, ಅದಕ್ಕೆ ಸೂಚಕ ಏನು ಹೇಳೀತು? ಬಹುಶಃ ಏನೂ ಇಲ್ಲ. ಪೆಟ್ಲುಪ್ಪಿನಂಥ ಲವಣ ನೀರಿನಲ್ಲಿ ಎಷ್ಟು ಕರಗಿದರೂ ಲಿಟ್ಮಸ್ ಬಣ್ಣ ಬದಲಿಸುವುದಿಲ್ಲ. ಲವಣದ ರುಚಿ ಹಿಡಿಯುವ ಆ ನಾಲಿಗೆಯ ವಿದ್ಯೆ ಬೇರೆಯದೇ, ಗೌರವಿಸಬೇಕಾದದ್ದು. ಅದರ ಜಾಗದಲ್ಲಿ ಲಿಟ್ಮಸ್ ಇಡಬಾರದು. ಇನ್ನು ಸೂಚಕದಿಂದ ಪರೀಕ್ಷೆ ಮಾಡುವವರು ಮಣ್ಣನ್ನು ಕೊಳವೆಬಾವಿಯ ನೀರಿನಲ್ಲಿ ಕದಡಬಾರದು, ಬೈಕಾರ್ಬೊನೇಟ್ ಇರುವ ಆ ನೀರೇ ಹಲವೆಡೆ ಕ್ಷಾರೀಯ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಕಲಸಿ, ಜೇಡಿ ತಳ ಕಂಡ ಮೇಲೆ ಮೇಲಿನ ತಿಳಿಗೆ ಹನಿ ಹಾಕಬೇಕು; ಮಣ್ಣಿಲ್ಲದ ಅದೇ ನೀರಿಗೂ ಒಂದು ಹನಿ ಹಾಕಿ ಪಕ್ಕದಲ್ಲಿಟ್ಟು ನೋಡಬೇಕು.