ರೈಲು ಹೋಯಿತು, ದಾರಿ ಉಳಿಯಿತು!

ಸಕಲೇಶಪುರ–ಸುಬ್ರಹ್ಮಣ್ಯ ಹಳಿಯ ವಿಷಯ ಹಾಸನದ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಶುರುವಾಯಿತು. 1996ರಲ್ಲಿ ಬ್ರಾಡ್‌ಗೇಜ್ ಮಾಡುತ್ತೇವೆಂದು ಮುಚ್ಚಿದರು. ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆಗಳಿರುವ ಆ ಘಾಟಿಯಲ್ಲಿ ರೈಲು ಇಲ್ಲದ ವರ್ಷಗಳಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗರು ಸಾಲುಸಾಲಾಗಿ ನಡೆದರು. 2007ರಲ್ಲಿ ಪ್ರಯಾಣಿಕರ ರೈಲು ಮತ್ತೆ ಬಂತು. ಈಗ ಅಲ್ಲಿ ಹಳಿ ಮೇಲೆ ನಡೆಯುವುದು ಅಪರಾಧ, ಜೀವಕ್ಕೂ ಅಪಾಯ. ಅದು ಸರಿಯೇ. ರೈಲು ಓಡುವ ಹಳಿ ರೈಲಿಗೇ ಇರಬೇಕು.

ಆದರೆ ಹೋದ ರೈಲು ಮತ್ತೆ ಬರದೇ ಇದ್ದರೆ? ಹಳಿ ಕಿತ್ತು ಗುಜರಿಗೆ ಹಾಕಿದ ಮೇಲೆ ಆ ಉದ್ದನೆಯ ಪಟ್ಟಿ ಜಾಗ ಯಾರದ್ದು? ಮೊದಲು ಬೇಲಿ ಹಾಕಿದವನದ್ದೋ, ಊರಿನದ್ದೋ? ಅಮೆರಿಕದ ಹಳ್ಳಿಗಾಡು ಈ ಪ್ರಶ್ನೆಯ ಜೊತೆ ಅರವತ್ತು ವರ್ಷದಿಂದ ಏಗುತ್ತಾ ಬಂದಿದೆ. ಅಲ್ಲಿ ಕೆಲವು ಕಡೆ ಸಿಕ್ಕಿರುವ ಉತ್ತರ ಕೇಳುವಂಥದ್ದು.

ಸುರಂಗಕ್ಕೂ ಬಾಗಿಲು!

ವಿಸ್ಕಾನ್ಸಿನ್ ರಾಜ್ಯದಲ್ಲಿ ಎಲ್ರಾಯ್, ಸ್ಪಾರ್ಟಾ ಎಂಬ ಎರಡು ಸಣ್ಣ ಊರುಗಳು. ನಡುವೆ ಸುಮಾರು 51 ಕಿಲೋಮೀಟರ್. 1870ರ ದಶಕದ ಆರಂಭದಲ್ಲಿ ಗುಡ್ಡ ಕೊರೆದು ಮೂರು ಸುರಂಗ ಮಾಡಿ ರೈಲು ಓಡಿಸಿದರು. ದೊಡ್ಡ ಸುರಂಗ 3,810 ಅಡಿ ಉದ್ದ. ಚಳಿಗಾಲದಲ್ಲಿ ಒಳಗೆ ನೀರು ಹೆಪ್ಪುಗಟ್ಟಿ ಕಲ್ಲು ಬಿರಿಯಬಾರದೆಂದು ಸುರಂಗದ ಬಾಯಿಗೆ ಭಾರೀ ಮರದ ಬಾಗಿಲು! ರೈಲು ಬಂದಾಗ ತೆರೆಯಲು, ಹೋದಾಗ ಮುಚ್ಚಲು ಕಾವಲುಗಾರರಿದ್ದರು.

ಕಾರು, ಲಾರಿಗಳ ಕಾಲ ಬಂತು. 1964ಕ್ಕೆ ಗೂಡ್ಸ್ ಕೂಡ ನಿಂತಿತು. ಮರುವರ್ಷ ರಾಜ್ಯ ಸರ್ಕಾರ ಆ ದಾರಿಯನ್ನು ತುಂಡು ಮಾಡದೆ ಇಡಿಯಾಗಿ ಕೊಂಡಿತು. ಹಳಿ ಇದ್ದ ಕಡೆ ಸುಣ್ಣಕಲ್ಲಿನ ಪುಡಿ ಹಾಸಿ, 1967ರಲ್ಲಿ ಸೈಕಲ್ಲಿಗೆ, ನಡೆಯುವವರಿಗೆ ಬಿಟ್ಟುಕೊಟ್ಟಿತು. ರೈಲುದಾರಿಯನ್ನು ವಿಹಾರದ ದಾರಿ ಮಾಡಿದ ಆ ದೇಶದ ಮೊದಲಿಗರ ಸಾಲಿನಲ್ಲಿ ಈ ದಾರಿಯ ಹೆಸರು ಬರುತ್ತದೆ.

ಕೆಂಡಾಲ್ ಎಂಬ ಊರಿನ ಹಳೇ ಸ್ಟೇಷನ್ನೇ ಈಗ ದಾರಿಯ ಕಚೇರಿ. ಸೈಕಲ್ ಹೊಡೆಯುವವರು 16 ವರ್ಷ ದಾಟಿದ್ದರೆ ಪಾಸು ಮಾಡಿಸಬೇಕು. ಸ್ಪಾರ್ಟಾ ಊರಂತೂ ತನ್ನನ್ನು ‘ಅಮೆರಿಕದ ಸೈಕಲ್ ರಾಜಧಾನಿ’ ಎಂದೇ ಕರೆದುಕೊಳ್ಳುತ್ತದೆ.

ಹಳಿ ಕಿತ್ತರೆ ಮುಗಿಯಲಿಲ್ಲ

ರೈಲುದಾರಿ ಸೈಕಲ್ಲಿಗೆ ಯಾಕೆ ಹೇಳಿ ಮಾಡಿಸಿದ ಹಾಗಿರುತ್ತದೆ? ಕಾರಣ ಸರಳ. ರೈಲಿಗೆ ಕಡಿದಾದ ಏರು ಆಗದು. ನೂರು ಅಡಿ ಹೋದರೆ ಒಂದೆರಡು ಅಡಿ ಏರಿದರೆ ಹೆಚ್ಚು. ಅಜ್ಜ ಕೂಡ ಏದುಸಿರಿಲ್ಲದೆ ಪೆಡಲ್ ತುಳಿಯಬಹುದು.

ಹಾಗೆಂದು ಹಳಿ, ಸ್ಲೀಪರ್ ತೆಗೆದ ತಕ್ಷಣ ದಾರಿ ತಯಾರಾಗುವುದಿಲ್ಲ. ಕಟ್ಟಿಕೊಂಡ ಮೋರಿ ಬಿಡಿಸಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ದಪ್ಪ ಜಲ್ಲಿ ಹರಡಿ ರೋಲರ್ ಹೊಡೆಯಬೇಕು. ಸೇತುವೆಗೆ ಹಲಗೆ ಹಾಸಿ, ಎರಡು ಕಡೆ ಕಟಕಟೆ ಕಟ್ಟಬೇಕು. ರಸ್ತೆ ಅಡ್ಡ ಬರುವ ಕಡೆ ಮೋಟಾರು ನುಗ್ಗದಂತೆ ಗೂಟ ನೆಡಬೇಕು.

ಆಮೇಲೆ ಬರುತ್ತದೆ ದೊಡ್ಡ ಜಗಳ: ಮೇಲೆ ಕಲ್ಲುಪುಡಿಯೋ, ಡಾಂಬರೋ?

ಕಲ್ಲುಪುಡಿ ಅಗ್ಗ. ಕಾಲಿಗೆ ಮೆತ್ತಗೆ, ಕುದುರೆ ಸವಾರರಿಗೂ ಇಷ್ಟ. ಹಳ್ಳಿಯ ದಾರಿ ಹಳ್ಳಿಯ ಹಾಗೇ ಇರಲಿ ಎನ್ನುವವರ ಮಾತಿನಲ್ಲೂ ನ್ಯಾಯವಿದೆ. ಡಾಂಬರಿಗೆ ಕೈತುಂಬಾ ದುಡ್ಡು ಬೇಕು. ಪಕ್ಕದ ಮರದ ಬೇರು ಎಬ್ಬಿಸಿದರೆ ಬಿರುಕು. ಹಾಕಿದವರು ಮರೆತರೆ ಗುಂಡಿ. ಗುಂಡಿಯ ವಿಷಯ ಬಸ್ಸಿನವರಿಗೆ ಬಿಡಿಸಿ ಹೇಳಬೇಕೆ!

ಆದರೂ ಡಾಂಬರಿನ ಪರವಾಗಿ ಒಂದು ಮಾತಿದೆ. ಅದು ಗಾಲಿಕುರ್ಚಿಯ ಮಾತು. ಮಳೆ ಬಂದು ಮೆತ್ತಗಾದ ಕಲ್ಲುಪುಡಿಯಲ್ಲಿ ಗಾಲಿಕುರ್ಚಿಯ ಸಣ್ಣ ಚಕ್ರ ಹೂತುಕೊಳ್ಳುತ್ತದೆ. ಮಗುವಿನ ತಳ್ಳುಗಾಡಿಯದೂ ಅದೇ ಪಾಡು. ಕೋಲೂರಿ ನಡೆಯುವ ಮುದುಕಿಗೆ ಸಮನಾದ ನೆಲವೇ ಧೈರ್ಯ. ಡಾಂಬರೋ ಪುಡಿಯೋ ಎಂಬ ಜಗಳದ ಒಳಗಿರುವುದು ಈ ದಾರಿ ಯಾರಿಗೆ ಎಂಬ ಪ್ರಶ್ನೆ. ಗಟ್ಟಿ ಕಾಲಿನವರಿಗೆ ಮಾತ್ರವೋ, ಎಲ್ಲರಿಗೋ?

ಬೆಳ್ಳಿ ಧೂಮಕೇತು

ಜಾರ್ಜಿಯಾ ರಾಜ್ಯದವರು ಗಟ್ಟಿ ನೆಲವನ್ನೇ ಆರಿಸಿಕೊಂಡರು. ‘ಸಿಲ್ವರ್ ಕಾಮೆಟ್’ ಎಂಬ ಪ್ಯಾಸೆಂಜರ್ ರೈಲು 1947ರಿಂದ 1969ರವರೆಗೆ ನ್ಯೂಯಾರ್ಕಿನಿಂದ ಬರ್ಮಿಂಗ್‌ಹ್ಯಾಮಿಗೆ ಓಡುತ್ತಿತ್ತು. ಹೆಸರಿನ ಅರ್ಥ ಬೆಳ್ಳಿ ಧೂಮಕೇತು. ರೈಲು ಹೋಯಿತು, ಹಳಿಯೂ ಹೋಯಿತು. ಈಗ ಅದೇ ಹೆಸರಿನಲ್ಲಿ ಸುಮಾರು 99 ಕಿಲೋಮೀಟರ್ ಉದ್ದದ ನಯವಾದ ದಾರಿಯಿದೆ. ಡಲ್ಲಾಸ್, ರಾಕ್‌ಮಾರ್ಟ್, ಸೀಡರ್‌ಟೌನ್ ಮುಂತಾದ ಸಣ್ಣ ಊರುಗಳನ್ನು ದಾಟಿ ಗಡಿ ಸೇರುತ್ತದೆ. ಟೆಕ್ಸಾಸಿನ ದೊಡ್ಡ ಡಲ್ಲಾಸ್ ಅಲ್ಲ, ಇದು ಜಾರ್ಜಿಯಾದ ಚಿಕ್ಕ ಡಲ್ಲಾಸ್. ಗಡಿಯಾಚೆ ಅಲಬಾಮದವರು ತಮ್ಮ ಪಾಲಿನ ಸುಮಾರು 53 ಕಿಲೋಮೀಟರ್ ಜೋಡಿಸಿ, ಅಲ್ಲಿನ ಮೂಲನಿವಾಸಿ ನಾಯಕ ಲಾಡಿಗನ ಹೆಸರಿಟ್ಟಿದ್ದಾರೆ. ಎರಡು ಸರ್ಕಾರ, ಒಂದೇ ದಾರಿ. ಗಡಿಯಲ್ಲಿ ಇಳಿದು ಬೇರೆ ಬಸ್ಸು ಹತ್ತುವ ತಾಪತ್ರಯವಿಲ್ಲ!

ಇಂಥ ಕಡೆ ರೈಲು ಬಿಟ್ಟುಹೋದ ಊರಿಗೆ ಮತ್ತೆ ಜನ ಬರುತ್ತಾರೆ. ಕಾರಿನವನು ಊರು ಕಾಣದೆ ಹಾದುಹೋದಾನು. ಸೈಕಲ್ಲಿನವನಿಗೆ ಹಸಿವಾಗುತ್ತದೆ, ಬಾಯಾರುತ್ತದೆ, ಟ್ಯೂಬು ಪಂಕ್ಚರ್ ಆಗುತ್ತದೆ. ಕಾಫಿ ಅಂಗಡಿ, ಸೈಕಲ್ ರಿಪೇರಿ, ರಾತ್ರಿ ತಂಗುವ ಕೋಣೆ ಎಲ್ಲಕ್ಕೂ ಗಿರಾಕಿ. ಆದರೆ ನಲ್ಲಿ, ಕಕ್ಕಸು, ನೆರಳು ಇಲ್ಲದಿದ್ದರೆ ಒಮ್ಮೆ ಬಂದವನು ಮತ್ತೆ ಬಾರ. ದಾರಿ ಮಾಡುವುದಕ್ಕಿಂತ ದಾರಿ ನೋಡಿಕೊಳ್ಳುವುದೇ ಕಷ್ಟದ ಕೆಲಸ.

ರೈತನ ಮಾತೂ ಇದೆ

ಎಲ್ಲರೂ ಚಪ್ಪಾಳೆ ತಟ್ಟಿದರು ಅಂದುಕೊಳ್ಳಬೇಡಿ. “ನಮ್ಮಜ್ಜ ಜಾಗ ಬಿಟ್ಟಿದ್ದು ರೈಲಿಗೆ, ಸೈಕಲ್ಲಿಗಲ್ಲ” ಎಂಬುದು ಪಕ್ಕದ ಜಮೀನಿನವರ ವಾದ. ಅಲ್ಲಿನ ಸಂಸತ್ತು 1983ರಲ್ಲಿ ಒಂದು ಕಾನೂನು ಮಾಡಿತು: ಮುಂದೆ ಎಂದಾದರೂ ರೈಲು ಬೇಕಾದೀತು, ಆದ್ದರಿಂದ ದಾರಿಯನ್ನು ತುಂಡು ಮಾಡದೆ ಕಾದಿಡಿ, ಅಲ್ಲಿವರೆಗೆ ಜನ ಬಳಸಲಿ. 1990ರಲ್ಲಿ ಸುಪ್ರೀಂ ಕೋರ್ಟು ಇದು ಸರಿ ಎಂದಿತು. ಹಕ್ಕು ಕಳೆದುಕೊಂಡವರು ಪರಿಹಾರ ಕೇಳಬಹುದು ಎಂದೂ ಹೇಳಿತು. 2014ರಲ್ಲಿ ವಯೋಮಿಂಗಿನ ಇನ್ನೊಂದು ಕೇಸಿನಲ್ಲಿ ಅದೇ ಕೋರ್ಟು ಜಮೀನುದಾರನ ಪರ ನಿಂತಿತು. ಅಂತೂ ಊರಿಗೆ ದಾರಿ ಬೇಕೆಂದರೆ ಪಕ್ಕದವನ ಹಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಇದರಲ್ಲಿ ನಮಗೇನು ಪಾಠ? ಹಳಿ ಕಿತ್ತರೆ ಹೋಗುವುದು ಕಬ್ಬಿಣ. ಅದನ್ನು ಮತ್ತೆ ತರಬಹುದು. ಗುಡ್ಡ ಕೊರೆದು, ಕಣಿವೆ ತುಂಬಿ, ಕೂಲಿಗಳು ಬೆವರು ಸುರಿಸಿ ಮಾಡಿದ ಸಮದಾರಿಯನ್ನು ಸೈಟು ಮಾಡಿ ತುಂಡು ತುಂಡಾಗಿ ಮಾರಿದರೆ, ಅದನ್ನು ಮತ್ತೆ ಜೋಡಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ವಿಸ್ಕಾನ್ಸಿನ್‌ನವರು ರೈಲು ನಿಂತ ಮರುವರ್ಷವೇ ಕೈಹಾಕಿದರು. ಹತ್ತು ವರ್ಷ ಫೈಲು ಓಡಾಡಿಸಿದ್ದರೆ ಅಲ್ಲಿ ದಾರಿ ಇರುತ್ತಿರಲಿಲ್ಲ, ಬೇಲಿ ಇರುತ್ತಿತ್ತು.