ಫೆರೆಟ್ ಪ್ರಾಣಿಯ ಪೋಷಣೆಯಲ್ಲಿ ಪ್ರಮಾಣವಿಚಾರ

ಯೂರೋಪು ಮತ್ತು ಅಮೆರಿಕ ದೇಶಗಳಲ್ಲಿ ಫೆರೆಟ್ ಎಂಬ ಸಣ್ಣ ಮಾಂಸಾಹಾರಿ ಪ್ರಾಣಿಯನ್ನು ಮನೆಗಳಲ್ಲಿ ಸಾಕುವ ರೂಢಿಯುಂಟು. ಇದರ ಆಹಾರ, ರೋಗ, ಚಿಕಿತ್ಸೆಗಳನ್ನು ಕುರಿತ ಬರಹಗಳು ಹೇರಳವಾಗಿದ್ದರೂ ಅವು ಅನೇಕವೇಳೆ ಪರಸ್ಪರ ವಿರುದ್ಧವಾಗಿವೆ. ಅಪ್ರಮಾಣವಾದ ಮಾತನ್ನು ನಂಬಿದರೆ ಆ ಮೂಕಜೀವಿಯ ಪ್ರಾಣಕ್ಕೇ ಹಾನಿ. ಆದಕಾರಣ ಯಾವ ವಾಕ್ಯವು ಗ್ರಾಹ್ಯ, ಯಾವುದು ತ್ಯಾಜ್ಯ ಎಂದು ನಿರ್ಣಯಿಸುವ ಕ್ರಮವು ವಿಚಾರಾರ್ಹವಾಗಿದೆ. ಓಲೆಯ ಪ್ರತಿಗಳಲ್ಲಿ ಶುದ್ಧಪಾಠವನ್ನು ಅರಸುವ ಕ್ರಮಕ್ಕೂ ಇದಕ್ಕೂ ಸಾಮ್ಯವು ಹೆಚ್ಚು.

ಮೊದಲನೆಯದು ನಾಮನಿರ್ಣಯ. ಮೊಲಗಳ ಹಾವಳಿಯನ್ನು ಅಡಗಿಸಲು ಬಿಲಗಳೊಳಕ್ಕೆ ನುಗ್ಗಿಸುತ್ತಿದ್ದ ಪ್ರಾಣಿಯೊಂದನ್ನು ಗ್ರೀಕ್ ಭೂಗೋಳಕಾರನಾದ ಸ್ಟ್ರೇಬೋ ವರ್ಣಿಸಿದ್ದಾನೆ. ರೋಮಿನ ಪ್ಲಿನಿಯು ಅಂತಹುದನ್ನೇ ‘ವಿವೆರ್ರ’ ಎಂದು ಕರೆದಿದ್ದಾನೆ. ಇಂದಿನ ಪ್ರಾಣಿಶಾಸ್ತ್ರದಲ್ಲಿಯಾದರೋ ಆ ಹೆಸರು ಪುನುಗುಬೆಕ್ಕಿನ ಕುಲಕ್ಕೆ ಸಲ್ಲುತ್ತದೆ. 1758ರಲ್ಲಿ ಲಿನೀಯಸನು ಫೆರೆಟ್ಟಿಗೆ ‘ಮುಸ್ಟೆಲ ಫ್ಯೂರೊ’ ಎಂದು ಹೆಸರಿಟ್ಟನು. ಇದನ್ನು ಕನ್ನಡದಲ್ಲಿ ಮುಂಗುಸಿ ಎಂದರೆ ಅರ್ಥಹಾನಿಯಾಗುತ್ತದೆ. ಮುಂಗುಸಿಯ ವಂಶವೇ ಬೇರೆ. ಫೆರೆಟ್ ನೀರುನಾಯಿಯ ವಂಶಕ್ಕೆ ಸೇರಿದುದು. ಹೆಸರು ತಪ್ಪಿದಲ್ಲಿ ಒಂದು ಪ್ರಾಣಿಯ ಪಥ್ಯವು ಮತ್ತೊಂದರ ಪಾಲಿಗೆ ಬರುವುದು ಸಹಜ.

ಎರಡನೆಯದು ಸಾದೃಶ್ಯದಿಂದ ಬರುವ ದೋಷ. ನಾಯಿಗೆ ಹಿತವಾದುದು ಫೆರೆಟ್ಟಿಗೂ ಹಿತವೆಂದು ಊಹಿಸುವವರುಂಟು. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ರೋಗವು ಫೆರೆಟ್ಟಿಗೂ ತಗಲುತ್ತದೆ. ತಗಲಿದರೆ ಉಳಿಯುವುದು ಅತ್ಯಂತ ದುರ್ಲಭ. ಆದರೆ ನಾಯಿಗಾಗಿ ಸಿದ್ಧಪಡಿಸಿದ ಕೆಲವು ಸಜೀವ ಲಸಿಕೆಗಳಿಂದಲೇ ಫೆರೆಟ್ಟಿಗೆ ಆ ರೋಗವು ಉಂಟಾದುದು ಕಂಡುಬಂದಿದೆ. ನಮ್ಮ ಪ್ರಾಚೀನರು ಆನೆಗೆ ಹಸ್ತ್ಯಾಯುರ್ವೇದವನ್ನೂ ಕುದುರೆಗೆ ಅಶ್ವಶಾಸ್ತ್ರವನ್ನೂ ಪ್ರತ್ಯೇಕವಾಗಿ ರಚಿಸಿದರು. ಕನ್ನಡದಲ್ಲಿ ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಜಾತಿಭೇದದಿಂದ ಚಿಕಿತ್ಸಾಭೇದವೆಂಬ ತತ್ತ್ವವು ಇಲ್ಲಿಯೂ ಅನ್ವಯಿಸುತ್ತದೆ.

ಮೂರನೆಯದು ಪರಂಪರೆಯ ಬಲಾಬಲ. ಇಂಗ್ಲೆಂಡಿನ ಬೇಟೆಗಾರರು ಬಹುಕಾಲ ಫೆರೆಟ್ಟಿಗೆ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಹಾಕುತ್ತಿದ್ದರು. ಒಬ್ಬರ ಮಾತನ್ನು ಮತ್ತೊಬ್ಬರು ಬರೆದುಕೊಂಡರು. ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳು ಹೇಗೆ ಒಂದೇ ಸಾಕ್ಷಿಯೋ ಹಾಗೆಯೇ ಇಂತಹ ಹತ್ತು ಗ್ರಂಥಗಳೂ ಒಂದೇ ಸಾಕ್ಷಿ. ಈ ಪ್ರಾಣಿಯ ಕರುಳು ಬಹಳ ಗಿಡ್ಡ. ಆಹಾರವು ಸುಮಾರು 3-4 ಗಂಟೆಗಳಲ್ಲಿ ಹೊರಬೀಳುತ್ತದೆ. ಮಾಂಸವೇ ಇದಕ್ಕೆ ಯೋಗ್ಯವಾದ ಆಹಾರವೆಂದು ಶರೀರರಚನೆಯೇ ಸಾರುತ್ತದೆ. ಹಾಗೆಂದು ಪರಂಪರೆಯೆಲ್ಲವೂ ತ್ಯಾಜ್ಯವಲ್ಲ. ಬೆದೆಗೆ ಬಂದ ಹೆಣ್ಣು ಗಂಡಿನೊಡನೆ ಕೂಡದಿದ್ದರೆ ಸಾಯುವುದೆಂಬ ಹಳೆಯ ಮಾತನ್ನು ಪರೀಕ್ಷೆಯು ಬಹುಮಟ್ಟಿಗೆ ಸಮರ್ಥಿಸಿದೆ. ಕೂಡದಿದ್ದರೆ ಬೆದೆಯು ತಿಂಗಳುಗಟ್ಟಲೆ ನಿಲ್ಲುತ್ತದೆ. ಆಗ ಈಸ್ಟ್ರೋಜನ್ ಎಂಬ ಸ್ರಾವವು ಎಲುಬಿನ ಮಜ್ಜೆಯನ್ನು ಕುಗ್ಗಿಸಿ ರಕ್ತಕ್ಷಯವನ್ನುಂಟುಮಾಡುತ್ತದೆ.

ನಾಲ್ಕನೆಯದು ಗ್ರಂಥಕಾಲ. ಈ ರಕ್ತಕ್ಷಯಕ್ಕೆ ಶಸ್ತ್ರಕ್ರಿಯೆಯಿಂದ ಗರ್ಭಾಂಗವನ್ನು ತೆಗೆಯುವುದೇ ಪರಿಹಾರವೆಂದು ಬಹುಕಾಲ ಹೇಳಲಾಗುತ್ತಿತ್ತು. 2000ರಲ್ಲಿ ನೆದರ್ಲೆಂಡಿನ ವಿದ್ವಾಂಸರು ಶಸ್ತ್ರಕ್ರಿಯೆ ನಡೆದ ವಯಸ್ಸಿಗೂ ಮುಂದೆ ಮೂತ್ರಪಿಂಡಗಳ ಬಳಿಯ ಅಡ್ರಿನಲ್ ಗ್ರಂಥಿಗಳಲ್ಲಿ ರೋಗವು ತೋರುವ ವಯಸ್ಸಿಗೂ ಸಂಬಂಧವಿದೆಯೆಂದು ತೋರಿಸಿದರು. ಅಂದಿನಿಂದ ಚರ್ಮದಡಿಯಲ್ಲಿ ಇರಿಸುವ ಡೆಸ್ಲೊರೆಲಿನ್ ಎಂಬ ಔಷಧವು ಶಸ್ತ್ರಕ್ರಿಯೆಗೆ ಬದಲಾಗಿ ಬಳಕೆಗೆ ಬಂದಿದೆ. ಜೇಮ್ಸ್ ಫಾಕ್ಸ್ ಸಂಪಾದಿಸಿದ ಫೆರೆಟ್ ರೋಗಗ್ರಂಥವು 1988ರಲ್ಲಿ ಮೊದಲು ಹೊರಬಂದು, 2014ರಲ್ಲಿ ಪರಿಷ್ಕೃತವಾಗಿ ಮೂರನೆಯ ಬಾರಿ ಪ್ರಕಟವಾಯಿತು. ಇಂತಹ ಶಾಸ್ತ್ರದಲ್ಲಿ ಪ್ರಾಚೀನತೆಯಿಂದ ಗೌರವವು ಬರಬಹುದು, ಪ್ರಾಮಾಣ್ಯವು ಬಾರದು.

ಕಡೆಯದಾಗಿ, ಗ್ರಂಥವು ಎಷ್ಟೇ ಶುದ್ಧವಾಗಿದ್ದರೂ ಪ್ರತ್ಯಕ್ಷಪರೀಕ್ಷೆಯ ಸ್ಥಾನವನ್ನು ಅದು ತುಂಬಲಾರದು. ಫೆರೆಟ್ ಹಿಂಗಾಲುಗಳಲ್ಲಿ ಬಲಗುಂದಿ, ಜೊಲ್ಲು ಸುರಿಸಿ, ಶೂನ್ಯದೃಷ್ಟಿಯಿಂದ ನಿಂತರೆ ರಕ್ತದಲ್ಲಿನ ಸಕ್ಕರೆಯು ಇಳಿದಿರಬಹುದು. ಮೇದೋಜೀರಕ ಗ್ರಂಥಿಯ ಗೆಡ್ಡೆಯು ಅದಕ್ಕೆ ಕಾರಣವಾಗಿರಬಹುದು. ಬೇರೆ ಕಾರಣಗಳೂ ಇರಬಹುದು. ಲಕ್ಷಣವನ್ನು ಗುರುತಿಸುವುದಕ್ಕೆ ಗ್ರಂಥವು ಸಹಾಯಕ. ಕಾರಣವನ್ನು ನಿರ್ಣಯಿಸತಕ್ಕವನು ರಕ್ತವನ್ನು ಪರೀಕ್ಷಿಸಿ ನೋಡುವ, ಈ ಪ್ರಾಣಿಯಲ್ಲಿಯೇ ಪರಿಶ್ರಮವುಳ್ಳ ಪಶುವೈದ್ಯನು. ನಾಮಶುದ್ಧಿ, ಜಾತಿವಿವೇಕ, ಮೂಲಶೋಧನೆ, ಕಾಲಜ್ಞಾನ ಎಂಬ ನಾಲ್ಕರಿಂದ ಶೋಧಿತವಾಗಿ ಪ್ರತ್ಯಕ್ಷಕ್ಕೆ ವಿರುದ್ಧವಾಗದೆ ನಿಂತ ವಾಕ್ಯವೇ ಆಪ್ತವಾಕ್ಯವೆನಿಸಿಕೊಳ್ಳುತ್ತದೆ.